ಮುಂದಿನ ಸೀಟಿನ ಚೊಂಬು

ರಸ್ತೆಯಿದ್ದರೂ ಇಲ್ಲವೆಂದೇ ನಂಬಿ ಗಾಡಿ ಓಡಿಸುವ ದಾರ್ಶನಿಕರು ದಾವಣಗೆರೆ ಜಿಲ್ಲೆಯಲ್ಲಿ ಒಬ್ಬರೇ: ನನ್ನ ಸೋದರಮಾವ! ನಮ್ಮ ಎಂ.ಸಿ.ಸಿ. ಬಡಾವಣೆಯ ಗುಂಡಿಗಳನ್ನು ಕಂಡವರು ಅವರ ದರ್ಶನವನ್ನು ಅಲ್ಲಗಳೆಯಲಾರರು ಎಂಬುದು ಬೇರೆ ಮಾತು. ಆ ಕುರಿತು ನಾನು ಮನವಿ ಸಲ್ಲಿಸಿಯಾಗಿದೆ.

ಅತ್ತೆಯ ಬೆನ್ನಿನ ಶಸ್ತ್ರಚಿಕಿತ್ಸೆ ನಿಶ್ಚಯವಾದ ವಾರವೇ ಮಾವ ಇದ್ದ ಕಾರನ್ನು ಮಾರಿ ಜೀಪೊಂದನ್ನು ತಂದರು. ಅದರ ಸ್ವಿಚ್ಚೊಂದನ್ನು ತಿರುಗಿಸಿದರೆ ನಾಲ್ಕೂ ಚಕ್ರಗಳು ನೆಲ ಕಚ್ಚಿ, ಗಾಡಿ ಕಲ್ಲುಬಂಡೆಯ ಮೇಲೂ ಬಸವನಹುಳುವಿನಂತೆ ತೆವಳುತ್ತದೆ. 'ಆಫ್-ರೋಡ್ ಮೋಡ್' ಅಂತೆ! ಮಾವ ಅದನ್ನು ನಮ್ಮ ಮನೆಯ ಮುಂದಿನ ರಸ್ತೆಯುಬ್ಬಿಗೂ ಬಳಸಿದರು. ಹಿಂದಿದ್ದ ಶಾಲಾ ಬಸ್ಸಿನ ಹಾರ್ನು ಇನ್ನೂ ನನ್ನ ಕಿವಿಯಲ್ಲಿದೆ.

ಶಸ್ತ್ರಚಿಕಿತ್ಸೆಯ ನಂತರ ಮೈ ಕುಲುಕಲೇಬಾರದೆಂದು ವೈದ್ಯರು ಎಚ್ಚರಿಸಿದ್ದರು. ಸುಧಾರಿಸಿಕೊಳ್ಳಲು ಅತ್ತೆಗೋ ಲೋಕಿಕೆರೆಯ ಹೊಲದ ಮನೆಯೇ ಬೇಕು. ಆ ಮನೆಗಿರುವುದು ಬಂಡಿದಾರಿ. ಆ ದಾರಿಗೆ ಡಾಂಬರು ಬೇಕೆಂದು ನಾನು ಮನೆಮನೆ ಸುತ್ತಿ ಸಹಿ ಸಂಗ್ರಹಿಸುತ್ತಿದ್ದಾಗ ಮಾವ ಏನು ಮಾಡುತ್ತಿದ್ದರು? ಹಿತ್ತಾಳೆಯ ಚೊಂಬಿಗೆ ಕಂಠಮಟ್ಟ ನೀರು ತುಂಬಿ, ಮುಂದಿನ ಸೀಟಿನಲ್ಲಿ ಕೂರಿಸಿ, ಸೀಟ್ ಬೆಲ್ಟ್ ಬಿಗಿದು, ಊರು ಸುತ್ತುತ್ತಿದ್ದರು!

ಡೀಸೆಲ್ಲಿನ ದುಂದು, ಹೊಗೆಯ ಮಾಲಿನ್ಯ ಹಾಗಿರಲಿ. ಮದುವೆಯಾದಂದಿನಿಂದ ಹಿಂದಿನ ಸೀಟಿನಲ್ಲೇ ಕುಳಿತ ಅತ್ತೆಗೆ ದೊರೆಯದ ಸ್ಥಾನ ಚೊಂಬಿಗೆ ದೊರೆತದ್ದು ಪುರುಷಪ್ರಾಧಾನ್ಯದ ಪರಾಕಾಷ್ಠೆಯಲ್ಲವೇ?

ಒಂದು ಭಾನುವಾರ ಪರಿಶೀಲನೆಗೆಂದು ನಾನೂ ಹಿಂದೆ ಕುಳಿತೆ. ಹರಿಹರದಲ್ಲಿ, ಬೇಸಿಗೆಗೆ ಸೊರಗಿದ ತುಂಗಭದ್ರೆಯ ಕಲ್ಲುಗಳ ಮೇಲೆ ಜೀಪು ತೆವಳತೊಡಗಿತು. ಎಮ್ಮೆ ತೊಳೆಯುತ್ತಿದ್ದವನೊಬ್ಬ ಚೊಂಬನ್ನು ದಿಟ್ಟಿಸಿ ಕೇಳಿದ:

"ಯಜಮಾನ್ರ, ಹೊಳಿ ಇಲ್ಲೇ ಐತಲ್ರಿ! ಊರಿಂದ ನೀರು ಯಾಕ ತಂದ್ರಿ?"

"ಈ ನೀರು ಹೊಳಿ ನೋಡಿಲ್ಲಪ್ಪ, ತೋರ್ಸಾಕ ಬಂದೀನಿ!" ಎಂದರು ಮಾವ.

"ಮಾವಾ, ಹೊಳ್ಯಾಗ ಗಾಡಿ ಓಡ್ಸೋದು ತಪ್ಪು," ಎಂದೆ.

"ಓಡ್ಸಿದ್ರ ತಪ್ಪವ್ವ. ನಾ ಎಲ್ಲಿ ಓಡ್ಸೀನಿ? ಎಮ್ಮಿ ನಮ್ಮನ್ನ ದಾಟಿ ಹೋತು ನೋಡು!"

ಅಷ್ಟರಲ್ಲಿ ಗಾಡಿ ಕುಲುಕಿ ನೀರು ಚೆಲ್ಲಿತು. ಮಾವನ ಮುಖ ಬಾಡಿತು. ಹೆಗಲ ಟವೆಲ್ಲಿನಿಂದ ಸೀಟು ಒರೆಸಿ, ಚೊಂಬು ತುಂಬಿ, ಮತ್ತೆ ಅದೇ ಕಲ್ಲನ್ನು ಹತ್ತಿದರು.

ಅತ್ತೆ ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಮಾವ ಚೊಂಬಿನ ನೀರನ್ನು ಗಿಡಕ್ಕೆ ಸುರಿದು, ಖಾಲಿ ಚೊಂಬನ್ನು ಹಿಂದಿನ ಸೀಟಿನಲ್ಲಿದ್ದ ನನ್ನ ಮಡಿಲಿಗಿಟ್ಟರು. ಮುಂದಿನ ಸೀಟನ್ನು ಹಿಂದಕ್ಕೆ ವಾಲಿಸಿ ಅತ್ತೆಯನ್ನು ಒರಗಿಸಿ, ಅದೇ ಬೆಲ್ಟನ್ನು ಮೆಲ್ಲನೆ ಬಿಗಿದರು.

ಬಂಡಿದಾರಿಯಲ್ಲಿ ಚಕ್ರಗಳು ಒಂದೊಂದು ಕಲ್ಲನ್ನೂ ಏರಿ, ಸದ್ದಿಲ್ಲದೆ ಇಳಿದವು.

"ಏನ್ರಿ, ಇವತ್ತ ಮನಿ ಮುಟ್ತೀವೋ ಇಲ್ಲೋ?" ಎಂದು ಅತ್ತೆ ಛೇಡಿಸಿದರು. ಮಾವ ದಾರಿಯಿಂದ ಕಣ್ಣು ಕೀಳದೆ ಮುಂದಿನ ಕಲ್ಲಿನತ್ತ ಗಾಡಿ ತಿರುಗಿಸಿದರು.

ಮನೆಯ ಮುಂದೆ ಎಂಜಿನ್ ನಿಂತಿತು. ಸ್ಟೇರಿಂಗಿನಿಂದ ಕೈ ತೆಗೆಯದೆ, ಅತ್ತೆಯತ್ತ ತಿರುಗಲೂ ಧೈರ್ಯವಿಲ್ಲದೆ ಮಾವ ಕೇಳಿದರು:

"ಚೆಲ್ತೇನು?"

ಅತ್ತೆ ಅವರ ಕೈಯ ಮೇಲೆ ತಮ್ಮ ಕೈಯಿಟ್ಟರು.

"ಒಂದ್ ಹನೀನೂ ಇಲ್ಲ ಬಿಡ್ರಿ."