ಪ್ರಭಾರ ನಿವೃತ್ತ ಯೋಧ

ಘೋಣಸಗಿಯ ಹವಾಲ್ದಾರ್ ದೇವಾನಂದ ಅವರು ಜೂನ್ ಒಂದರಂದು ಸೈನ್ಯದಿಂದ ನಿವೃತ್ತರಾಗಿ ಊರಿಗೆ ಮರಳಿದರೆಂಬುದು ದಾಖಲೆಗಳಿಂದ ದೃಢಪಟ್ಟಿದೆ. ಆ ದಿನ ಅವರು ಗಡಿಯಲ್ಲಿದ್ದರು ಎಂಬುದು ಬೇರೆ ವಿಷಯ. ಅದಕ್ಕೆ ಬೇರೆ ಕಡತವಿದೆ.

ನಡೆದದ್ದು ಇಷ್ಟು. ಮೇ ತಿಂಗಳಲ್ಲಿ ಗಡಿಯಲ್ಲಿ ನಾಲ್ಕು ದಿನ ಯುದ್ಧವಾಯಿತು. ಯುದ್ಧ ಮುಗಿಯುವವರೆಗೆ ಯಾರನ್ನೂ ಬಿಡುಗಡೆ ಮಾಡಬಾರದೆಂದು ಮೊದಲ ದಿನವೇ ಆದೇಶ ಹೊರಟಿತು. ಐದನೆಯ ದಿನ ಯುದ್ಧ ನಿಂತಿತು, ಆದೇಶ ನಿಲ್ಲಲಿಲ್ಲ. ಅದನ್ನು ಹಿಂಪಡೆಯಲು ಯುದ್ಧ ಮುಗಿದ ಪತ್ರ ಬೇಕು. ಮುಗಿದ ಪತ್ರದಲ್ಲಿ ಆರಂಭದ ಪತ್ರದ ಸಂಖ್ಯೆ ನಮೂದಾಗಬೇಕು. ಯುದ್ಧ ಅವಸರದಲ್ಲಿ ಶುರುವಾದ್ದರಿಂದ ಆರಂಭದ ಪತ್ರವನ್ನು ಯಾರೂ ಬರೆದಿರಲಿಲ್ಲ. ಹದಿನೇಳು ವರ್ಷದ ಸೇವೆ ಮುಗಿಸಿ, ಟ್ರಂಕು ಕಟ್ಟಿ ಕೂತಿದ್ದ ದೇವಾನಂದ ಅವರಿಗೆ ಮುಂದಿನ ಸೂಚನೆಯವರೆಗೆ ಹಾಗೇ ಕೂತಿರಲು ತಿಳಿಸಲಾಯಿತು.

ನಮ್ಮ ಕಡೆ ನಿವೃತ್ತ ಯೋಧನನ್ನು ತೆರೆದ ಜೀಪಿನಲ್ಲಿ ನಿಲ್ಲಿಸಿ, ಹಾರ ಹಾಕಿ, ಹಲಗಿ ಬಾರಿಸುತ್ತ ಊರಿಗೆ ಕರೆತರುವ ಪದ್ಧತಿಯಿದೆ. ಅದಕ್ಕಾಗಿ ಸ್ವಾಗತ ಸಮಿತಿ ರಚನೆಯಾಗಿತ್ತು. ಅದರ ಅಧ್ಯಕ್ಷರು ಬಸಗೊಂಡಪ್ಪನವರು. ಸೈನ್ಯಕ್ಕೆ ಅವರು ತೀರಾ ಸಮೀಪ ಹೋದದ್ದೆಂದರೆ ವಿಜಯಪುರದ ಸೈನಿಕ ಶಾಲೆಯ ಗೇಟಿನವರೆಗೆ, ಅದೂ ದಾರಿ ತಪ್ಪಿ. ಬಬಲೇಶ್ವರದಿಂದ ಜೀಪು ಗೊತ್ತುಮಾಡಿಯಾಗಿತ್ತು, ತಿಕೋಟಾದಲ್ಲಿ ಮೆರವಣಿಗೆಯ ಪರವಾನಗಿ ಸಿಕ್ಕಿತ್ತು.

"ಅವ್ರು ಇನ್ನೂ ಬಂದಿಲ್ರಿ. ಬಂದ ಮ್ಯಾಲೆ ಮಾಡ್ರಿ," ಎಂದಳು ದೇವಾನಂದರ ಹೆಂಡತಿ ಸಂಘಮಿತ್ರಾ.

"ಪರವಾನಗಿ ಒಂದನೇ ತಾರೀಖಿಂದ ಐತಿ, ತಂಗಿ," ಎಂದರು ಬಸಗೊಂಡಪ್ಪ. "ಮನಿಷ್ಯಾ ಮುಂದಕ್ಕ ಹೋಗಬಹುದು. ತಾರೀಖು ಹೋಗಂಗಿಲ್ಲ."

ಜೀಪಿನಲ್ಲಿ ದೇವಾನಂದರ ಫೋಟೋ ಇಡುವುದೆಂದು ಠರಾವಾಯಿತು. ಹಾರ ಎತ್ತುತ್ತಿದ್ದಂತೆ ಅವರ ತಾಯಿ ತಿಪ್ಪವ್ವ ಜೀಪಿಗೆ ಅಡ್ಡ ನಿಂತಳು.

"ಫೋಟೋಕ್ಕ ಹಾರ ಹಾಕೀರಿ ಅಂದ್ರ ನೋಡ್ರಿ! ನನ್ನ ಮಗ ಬದುಕ್ಯಾನ!"

ಆ ದಿನ ಎಲ್ಲರಿಗೂ ಅರ್ಥವಾದ ನಿಯಮ ಇದೊಂದೇ. ಆದರೆ ಹಾರಗಳು ಬಂದುಬಿಟ್ಟಿದ್ದವು, ಕೊರಳು ಬಂದಿರಲಿಲ್ಲ. ಸಮಿತಿ ಅಲ್ಲೇ ತುರ್ತು ಸಭೆ ಸೇರಿ, 'ಹವಾಲ್ದಾರ್ ದೇವಾನಂದ ಅವರು ಖುದ್ದು ಹಾಜರಾಗುವವರೆಗೆ ನಿವೃತ್ತ ಯೋಧರ ಹೊಣೆಯನ್ನು ಅಧ್ಯಕ್ಷರಿಗೆ ಹೆಚ್ಚುವರಿ ಪ್ರಭಾರವಾಗಿ ವಹಿಸಲಾಗಿದೆ' ಎಂದು ಪ್ರಕಟಿಸಿತು. ಬಸಗೊಂಡಪ್ಪನವರು ಒಲ್ಲದ ಮನಸ್ಸಿನಿಂದ ಜೀಪು ಹತ್ತಿ ಇಪ್ಪತ್ತೆಂಟು ಹಾರ ಹಾಕಿಸಿಕೊಂಡರು. ಊರು ಮುಟ್ಟುವಷ್ಟರಲ್ಲಿ ಸೆಲ್ಯೂಟ್ ಕೂಡ ಕಲಿತಿದ್ದರು. ಮರುದಿನದ ಪತ್ರಿಕೆಯಲ್ಲಿ 'ದೇವಾನಂದಗೆ ಅದ್ಧೂರಿ ಸ್ವಾಗತ' ಎಂಬ ಸುದ್ದಿ ಫೋಟೋ ಸಮೇತ ಬಂತು. ಹಾರಗಳ ನಡುವೆ ಮುಖ ಯಾರದೆಂದು ಕಾಣುತ್ತಿರಲಿಲ್ಲ.

ಎರಡು ತಿಂಗಳು ಕಾದ ಸಂಘಮಿತ್ರಾ, ಇಬ್ರಾಹಿಂಪುರದ ರೈಲು ಹಳಿಯ ಬದಿಗೆ ಬಾಡಿಗೆ ಕೋಣೆಯಲ್ಲಿದ್ದ 'ಬಿಡುಗಡೆ ವಿಳಂಬ ನಿವಾರಣಾ ಶಾಖೆ'ಗೆ ಹೋದಳು. ಗುಮಾಸ್ತ ಮಲ್ಲಿನಾಥ ಕಡತ ತೆಗೆದು ಪತ್ರಿಕೆಯ ತುಣುಕು ತೋರಿಸಿದ.

"ನಿಮ್ಮ ಯಜಮಾನ್ರು ಆಗಲೇ ಬಂದಾರಲ್ರಿ."

"ಅದು ಬಸಗೊಂಡಪ್ಪರೀ."

"ಹೆಸರು ದೇವಾನಂದ ಅಂತ ಐತಿ."

"ಹೆಸರಷ್ಟ ಬಂದೈತ್ರಿ. ಮನಿಷ್ಯಾ ಬಂದಿಲ್ಲ." ಅವಳು ತುಣುಕನ್ನು ಅವನ ಕಡೆಗೇ ಸರಿಸಿದಳು. "ಲಗ್ನ ಆಗಿ ಹನ್ನೆರಡು ವರ್ಷ ಆತ್ರಿ. ಎಲ್ಲಾ ರಜಾ ಕೂಡಿಸಿದ್ರೂ ನಾವು ಕೂಡಿ ಇದ್ದದ್ದು ಎರಡು ವರ್ಷ ಆಗಂಗಿಲ್ಲ. ಹಾರ ಬಸಗೊಂಡಪ್ಪನ ಇಟ್ಕೊಳ್ಲಿ. ನನ್ನ ಗಂಡನ್ನ ನನ್ನ ಮನಿಗೆ ಕಳಸ್ರಿ."

ಮಲ್ಲಿನಾಥ ಕೆಟ್ಟವನಲ್ಲ. ಅವನಿಗೂ ಸಂಕಟವಾಯಿತು. ನೀರು ಕೊಟ್ಟು, ಫ್ಯಾನು ಅವಳ ಕಡೆ ತಿರುಗಿಸಿ, ಸ್ಥಳ ಪರಿಶೀಲನೆಗೆ ತಕ್ಷಣ ಬರೆದ. 'ತಕ್ಷಣ' ಎಂದರೆ ತೊಂಬತ್ತು ದಿನಗಳ ಒಳಗೆ ಎಂದು ನಿಯಮದಲ್ಲೇ ಇದೆ.

ಎಂಬತ್ತೆಂಟನೆಯ ದಿನ ಅವನು ಘೋಣಸಗಿಗೆ ಬಂದಾಗ, ಹತ್ತು ದಿನದ ರಜೆಯ ಮೇಲೆ ಬಂದಿದ್ದ ದೇವಾನಂದ ಕಟ್ಟೆಯ ಮೇಲೆ ಕೂತು ಹೆಂಡತಿಯ ಹೊಲಿಗೆ ಯಂತ್ರಕ್ಕೆ ದಾರ ಪೋಣಿಸುತ್ತಿದ್ದರು.

"ದೇವಾನಂದ ಅಂದ್ರ ನೀವೇನ್ರಿ?"

"ಹೌದ್ರಿ. ರಜಾದ ಮ್ಯಾಲೆ ಬಂದೇನಿ. ಐತವಾರ ಹೊಳ್ಳಿ ಹೋಗ್ಬೇಕು."

ಮಲ್ಲಿನಾಥ ನಮೂನೆಯನ್ನು ಹಿಂದೆ ಮುಂದೆ ತಿರುವಿದ. "ಇದರಾಗ ಎರಡ ಕಾಲಂ ಅದಾವ್ರಿ. ಮನ್ಯಾಗ ಅದಾರ, ಇಲ್ಲಾ ಅಂದ್ರ ಇಲ್ಲ. ರಜಾ ಅನ್ನೂದು ಇಲ್ಲ."

"ಇಲ್ಲ ಅಂತ ಬರೀರಿ, ಯಣ್ಣಾ," ಎಂದಳು ಸಂಘಮಿತ್ರಾ.

"ಎದುರಿಗೆ ಕುಂತಾರಲ್ಲ ತಂಗಿ, ಸುಳ್ಳು ಹೆಂಗ ಬರೀಲಿ?"

ಅವನು ಪ್ರಾಮಾಣಿಕನಾಗಿದ್ದ, ಅದೇ ತೊಂದರೆಯಾಯಿತು. 'ಸದರಿಯವರು ಮನೆಯಲ್ಲಿದ್ದು, ದಾರ ಪೋಣಿಸುತ್ತಿದ್ದು, ವಿಳಂಬ ಕಂಡುಬಂದಿಲ್ಲ' ಎಂದು ವರದಿಯಾಯಿತು. ಕಡತ ಮುಕ್ತಾಯವಾಯಿತು.

ಭಾನುವಾರ 'ನಿವೃತ್ತ ಯೋಧರಿಗೆ ಕರ್ತವ್ಯಕ್ಕೆ ಬೀಳ್ಕೊಡುಗೆ' ಎಂಬ ಫ್ಲೆಕ್ಸ್ ಕಟ್ಟಿದ ಅದೇ ಜೀಪು ಬಂತು. ಹಾರ ಎತ್ತಿದಾಗ ಎರಡು ಕೊರಳು ಮುಂದೆ ಬಂದವು. ಪ್ರಭಾರ ಹಸ್ತಾಂತರದ ಪತ್ರವಿರದ ಕಾರಣ ಹಾರ ಬಸಗೊಂಡಪ್ಪನವರಿಗೇ ಬಿತ್ತು. ದೇವಾನಂದ ನಕ್ಕು, ತಾಯಿಯ ಕಾಲು ಮುಟ್ಟಿ, ಟ್ರಂಕು ಎತ್ತಿಕೊಂಡರು. ವಿಜಯಪುರದಲ್ಲಿ ರೈಲು ಹೊರಡುವವರೆಗೂ ಸಂಘಮಿತ್ರಾ ಕಿಟಕಿಯ ಸರಳು ಬಿಡಲಿಲ್ಲ.

ಈಗ ಎಲ್ಲವೂ ಸುಸೂತ್ರವಾಗಿದೆ. ಆಗಸ್ಟ್ ಹದಿನೈದಕ್ಕೆ ನಿವೃತ್ತ ಯೋಧರ ಕುರ್ಚಿಯಲ್ಲಿ ಬಸಗೊಂಡಪ್ಪನವರು ಕೂರುತ್ತಾರೆ, ನಾಲ್ಕು ದಿನದ ಯುದ್ಧದ ಕಷ್ಟವನ್ನು ಒಂದು ತಾಸು ವಿವರಿಸುತ್ತಾರೆ. ಕಳೆದ ವಾರ ಮನೆ ಮನೆ ಗಣತಿಗೆ ಬಂದವನು ಸಂಘಮಿತ್ರಾಳ ಬಾಗಿಲಲ್ಲಿ ನಿಂತು ಕೇಳಿದ, "ಮನ್ಯಾಗ ಎಷ್ಟು ಮಂದಿ ಅದೀರಿ?"

"ಮೂರು ಅಂತ ಬರ್ಕೋರಿ," ಎಂದಳು ಅವಳು, ಯಂತ್ರದಿಂದ ತಲೆ ಎತ್ತದೆ.

ಅವನು ಮಲ್ಲಿನಾಥನ ಹಳೆಯ ವರದಿಯ ಜೊತೆ ತಾಳೆ ನೋಡಿ, ಸರಿಯಿದೆಯೆಂದು ಬರೆದುಕೊಂಡ. ಅಷ್ಟರಲ್ಲಿ ತಿಪ್ಪವ್ವ ಒಳಗಿನಿಂದ ಚಹಾ ತಂದು, ಅವನಿಗೊಂದು ಲೋಟ ಕೊಟ್ಟು, ಮನೆಮಂದಿಗೆ ಎರಡು ಕಪ್ ಇಟ್ಟಳು.

"ಇದೇನ ಆಯಿ, ಮೂರು ಮಂದಿಗೆ ಎರಡ ಕಪ್ಪ?"

"ಬರಿಯೂದು ಮೂರ, ಯಪ್ಪಾ," ಎಂದಳು ತಿಪ್ಪವ್ವ. "ಚಾ ಎರಡ ಮಾಡ್ತೇವಿ."