ಖಾನಾಪುರದ ಎರಡನೇ ನಂಬರಿನ ಗಣಕಯಂತ್ರಕ್ಕೆ, ಸತ್ತು ಬದುಕಿದವನಿಂದ

ಇವರಿಗೆ,
ಶ್ರೀಯುತ ಎರಡನೇ ನಂಬರಿನ ಗಣಕಯಂತ್ರ ಸಾಹೇಬರು,
ಚಾಂದಸಾಬರ ಸೈಬರ್ ಕೆಫೆ, ಬಸ್ ನಿಲ್ದಾಣದ ಎದುರಿಗೆ, ಖಾನಾಪುರ.

ಮಾನ್ಯರೇ,

ಬೆಳಗಾವಿಯ ಅನಗೋಳದಲ್ಲಿ ವಾಸವಾಗಿರುವ ಗುರುಪುತ್ರಪ್ಪನೆಂಬ ಎಪ್ಪತ್ತೊಂದು ವರ್ಷದ ಮುದುಕನು ತಮ್ಮ ಪರದೆಗೆ ಒಂದು, ಕೀಲಿಮಣೆಗೆ ಒಂದು, ಹಿಂದುಗಡೆ ನೇತಾಡುವ ತಂತಿಗಳಿಗೆಲ್ಲ ಸೇರಿ ಒಂದು, ಹೀಗೆ ಮೂರು ನಮಸ್ಕಾರಗಳನ್ನು ಸಲ್ಲಿಸಿ ಬರೆಯುವುದೇನೆಂದರೆ, ನಾನು ಕ್ಷೇಮ. ಇದು ಪತ್ರದ ವಾಡಿಕೆಗೆ ಬರೆದ ಮಾತೆಂದು ತಾವು ತಿಳಿಯಬಾರದು. ಕಳೆದ ಫೆಬ್ರುವರಿ ತಿಂಗಳಲ್ಲಿ ತಮ್ಮ ಕೃಪೆಯಿಂದ ನಾನು ತೀರಿಕೊಂಡಿದ್ದೆನಾದ್ದರಿಂದ, ಕ್ಷೇಮವಾಗಿರುವ ಸಂಗತಿಯನ್ನು ಖುದ್ದಾಗಿ ತಿಳಿಸುವುದು ಅಗತ್ಯವಾಯಿತು.

ಮೊದಲಿಗೆ ತಮ್ಮ ಗುಣಗಾನ ಮಾಡದಿದ್ದರೆ ನನ್ನ ನಾಲಿಗೆಗೆ ದೋಷ ತಟ್ಟೀತು. ತಮ್ಮ ಕೀಲಿಮಣೆಯಲ್ಲಿ ಕೀಲಿ ಇದೆ, ಆದರೆ ಬೀಗವಿಲ್ಲ. ಮಣೆ ಇದೆ, ಆದರೆ ಕೂರಲಾಗದು. ಇಂಥ ವಿನಯವಂತಿಕೆ ಈ ಕಾಲದಲ್ಲಿ ಯಾರಿಗಿದೆ? ತಾವು ತರುವ ಕಾಗದಕ್ಕೆ ಪಂಡಿತರು ಮಿಂಚಂಚೆ ಎಂದು ಹೆಸರಿಟ್ಟಿದ್ದಾರಂತೆ. ನನ್ನ ಪಾಲಿಗೆ ಹೆಸರಿಗೆ ತಕ್ಕಂತೆಯೇ ನಡೆಯಿತು: ಮಿಂಚು ಬಂತು, ಅಂಚು ಹೋಯಿತು. ಹೇಗೆಂಬುದನ್ನು ವಿವರವಾಗಿ ಅರಿಕೆ ಮಾಡಿಕೊಳ್ಳುತ್ತೇನೆ. ತಮಗೆ ನೆನಪಿನ ಶಕ್ತಿ ಅಪಾರವೆಂದು ಎಲ್ಲರೂ ಹೊಗಳುತ್ತಾರಾದರೂ, ನನ್ನ ವಿಷಯದಲ್ಲಿ ಅದು ಕೈಕೊಟ್ಟಿದೆ.

ನನ್ನ ಮೊಮ್ಮಗ ಸುಜಯ ಇಲ್ಲೇ ಊರ ಹೊರಗಿನ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ನಡೆಸುತ್ತಾನೆ. ಜನವರಿಯಲ್ಲಿ ನಾವೆಲ್ಲ ಖಾನಾಪುರದ ಆಚೆಗಿನ ಬೀಡಿ ಎಂಬ ಹಳ್ಳಿಗೆ ಹೋಗಿ ನಾಗಲಿಂಗ ಎಂಬ ರೈತರ ಮಗಳು ಪೂನಮಳನ್ನು ನೋಡಿ ಬಂದೆವು. ಹುಡುಗಿ ಎಲ್ಲರ ಮನಸ್ಸಿಗೆ ಬಂದಳು. ನಮ್ಮಲ್ಲಿ ಒಪ್ಪಿಗೆಯನ್ನು ಫೋನಿನಲ್ಲಿ ಹೇಳುವುದಿಲ್ಲ. ಮನೆಯ ಹಿರಿಯ ಕೈಯಾರೆ ಬರೆದು, ಕಾಗದದ ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿ ಕಳಿಸಬೇಕು. ನಾನು ಒಳ್ಳೆಯ ದಿನ ನೋಡಿ ಬರೆಯೋಣವೆಂದು ಕನ್ನಡಕ ಒರೆಸುತ್ತಿರುವಾಗಲೇ, ಹೊಸ ಯಂತ್ರದ ಕೆಲಸ ಕಲಿಯಲೆಂದು ಮೂರು ತಿಂಗಳ ಮಟ್ಟಿಗೆ ಪುಣೆಗೆ ಹೋಗಿದ್ದ ಸುಜಯ, ಪಕ್ಕದ ಮನೆಯ ಫೋನಿಗೆ ನನ್ನನ್ನು ಕರೆಸಿ, "ಅಜ್ಜಾ, ನಿಮ್ಮ ಕಾಗದ ಬೀಡಿಗೆ ಮುಟ್ಟೂದ್ರಾಗ ಹುಡುಗಿ ಮುದುಕಿ ಆಗ್ತಾಳ. ನಾ ಇಲ್ಲಿಂದನ ಇ-ಮೇಲ್ ಹಾಕೇನಿ, ನೀವು ತ್ರಾಸ ತಗೋಬ್ಯಾಡ್ರಿ" ಎಂದ. ನಾನು ತ್ರಾಸ ತಗೊಳ್ಳಲಿಲ್ಲ, ಅದಾಗಿಯೇ ಬಂತು.

ಬೀಡಿಯಲ್ಲಿ ತಮ್ಮ ಕುಲಬಾಂಧವರು ಯಾರೂ ಇಲ್ಲದ ಕಾರಣ ಸುಜಯನ ಒಪ್ಪಿಗೆ ಖಾನಾಪುರದಲ್ಲಿ ತಮ್ಮ ಹೊಟ್ಟೆಗೆ ಬಂದು ಇಳಿಯಿತು. ಚಾಂದಸಾಬರು ಅದನ್ನು ತಮ್ಮ ಬಾಜು ಕಿರಗುಟ್ಟುವ ಮುದ್ರಣ ಯಂತ್ರದಿಂದ ಕಾಗದದ ಮೇಲೆ ಇಳಿಸಿದರು. ಆ ಕಾಗದಕ್ಕೆ ಎರಡೂ ಬದಿಗೆ ತೂತಿನ ಪಟ್ಟಿಗಳಿರುತ್ತವಲ್ಲ, ಅವನ್ನು ಹರಿದು ತೆಗೆಯಬೇಕು. ಮೂವತ್ತು ವರ್ಷ ಟೈಪಿಂಗ್ ಕ್ಲಾಸ್ ನಡೆಸಿ ಕೈ ಚುರುಕಾಗಿರುವ ಚಾಂದಸಾಬರು ಒಂದೇ ಏಟಿಗೆ ಎಳೆದರು. ಪಟ್ಟಿಯ ಜೊತೆಗೆ ಕಾಗದದ ಮೇಲಿನ ಮೂಲೆಯೂ ಕಿತ್ತು ಬಂತು. ಮಂದಿಯ ಕಾಗದ ಓದುವುದು ಪಾಪವೆಂದು ನಂಬಿದ ಆ ಸಜ್ಜನರು, ಒಳಗೆ ಏನಿದೆಯೆಂದು ಕಣ್ಣೆತ್ತಿಯೂ ನೋಡದೆ, ಬೀಡಿ ಬಸ್ಸಿನ ಕಂಡಕ್ಟರ್ ಕರೆಪ್ಪನ ಕೈಗೆ ಕೊಟ್ಟು ಕಳಿಸಿದರು.

ಇಲ್ಲಿ ತಮಗೊಂದು ಮಾತು ಕಲಿಸಬೇಕಾಗಿದೆ, ಕ್ಷಮಿಸಬೇಕು. ಅರಿಷಿಣ ಹಚ್ಚಿದ ಕಾಗದ ಬಂದರೆ ನಮ್ಮ ಜನ ಅದನ್ನು ದೇವರ ಮುಂದಿಟ್ಟು ಓದುತ್ತಾರೆ. ಮೂಲೆ ಹರಿದ ಕಾಗದ ಬಂದರೆ ಹೊಸ್ತಿಲು ದಾಟಿಸುವುದಿಲ್ಲ. ಯಾರೋ ತೀರಿಕೊಂಡಿದ್ದಾರೆಂದೇ ಅರ್ಥ. ಹೊರಗೆ ನಿಂತು ಓದಿ, ಸುಟ್ಟು, ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕು. ಕರೆಪ್ಪ ತಿಳಿದ ಮನುಷ್ಯ. ಹರಿದ ಮೂಲೆ ನೋಡಿದವನೇ ನಾಗಲಿಂಗರ ಅಂಗಳದಲ್ಲಿ ನಿಂತು, ಕೂರದೆ, ನೀರು ಕುಡಿಯದೆ, ಮಾತಾಡದೆ ಕಾಗದ ಕೊಟ್ಟು ಹಿಂದಿರುಗಿದ. ಸುಜಯ ಕನ್ನಡವನ್ನೇ ಬರೆದಿದ್ದನಾದರೂ ತಮ್ಮ ಸೌಕರ್ಯಕ್ಕಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದ. ನಾಗಲಿಂಗರು ಅಕ್ಷರ ಕೂಡಿಸಿ ಕೂಡಿಸಿ ಬೆವರು ಒರೆಸಿಕೊಂಡು 'ಅಜ್ಜ' ಎಂಬ ಒಂದು ಶಬ್ದವನ್ನು ಮಾತ್ರ ಹಿಡಿದರು. ಅಜ್ಜನ ಆಶೀರ್ವಾದದಿಂದ ಹುಡುಗಿ ಒಪ್ಪಿಗೆ ಎಂದಿತ್ತಂತೆ. ಅಷ್ಟು ಮುಂದೆ ಹೋಗುವ ಅವಶ್ಯಕತೆ ಯಾರಿಗಿತ್ತು? ಮೂಲೆ ಹರಿದಿದೆ, ಒಳಗೆ ಅಜ್ಜನಿದ್ದಾನೆ; ಲೆಕ್ಕ ಮುಗಿಯಿತು. ಆ ಮನೆಯಲ್ಲಿ ಇಂಗ್ಲಿಷ್ ಸರಾಗವಾಗಿ ಬಲ್ಲವಳು ಪೂನಮ ಒಬ್ಬಳೇ. ಆದರೆ ಲಗ್ನವಾಗಬೇಕಾದ ಹುಡುಗಿಯ ಕೈಗೆ ಮೂಲೆ ಹರಿದ ಕಾಗದ ಕೊಡುವಷ್ಟು ದಡ್ಡಳಲ್ಲ ಅವಳ ಅಜ್ಜಿ ರೇಣವ್ವ. ಕಾಗದ ಅಂಗಳದ ನೀರೊಲೆಯ ಪಾಲಾಯಿತು, ಮನೆಮಂದಿಯೆಲ್ಲ ಅಳುತ್ತ ತಲೆಗೆ ನೀರು ಹಾಕಿಕೊಂಡರು.

ಪಕ್ಕದ ಮನೆಯ ಫೋನಿಗೆ ಒಂದು ಕರೆ ಮಾಡಿ ಕೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಮಾನ್ಯರೇ, ಸತ್ತವರ ಮನೆಗೆ ಫೋನ್ ಹಚ್ಚಿ "ಖರೇನ ಸತ್ತಾರೇನ್ರಿ?" ಎಂದು ವಿಚಾರಿಸುವುದು ಯಾವ ಊರಿನ ಮರ್ಯಾದೆ? ಅದರ ಬದಲು ನಾಗಲಿಂಗರು, ಬೀಗರಾಗುವವರಿಗೆ ಗೌರವವಾಗಲೆಂದು, ಖಾನಾಪುರದ ಪತ್ರಿಕಾ ವರದಿಗಾರನಿಗೆ ಫೋನಿನಲ್ಲಿ ಸುದ್ದಿ ಕೊಟ್ಟರು.

ಹಿಂದೆ ಇಂಥ ಸುದ್ದಿಯನ್ನು ವರದಿಗಾರ ಲಕೋಟೆಯಲ್ಲಿ ಹಾಕಿ ಸಂಜೆಯ ಬಸ್ಸಿಗೆ ಕೊಡುತ್ತಿದ್ದ. ಬೆಳಗಾವಿ ನಿಲ್ದಾಣದಲ್ಲಿ ಪತ್ರಿಕೆಯ ತಗಡಿನ ಡಬ್ಬಿಗೆ ಅದು ಬೀಳುತ್ತಿತ್ತು. ಕಚೇರಿಯಿಂದ ಒಬ್ಬರು ಸೈಕಲ್ಲೇರಿ ಸತ್ತವನ ಓಣಿಗೆ ಬಂದು ವಿಚಾರಿಸಿದ ಮೇಲೆಯೇ ಅಚ್ಚಾಗುತ್ತಿತ್ತು. ಸತ್ತವನಿಗೆ ಬೇಕಾದರೆ ಬಾಗಿಲಲ್ಲಿ ನಿಂತು "ಇನ್ನೂ ಇಲ್ರೀ, ಬರ್ರಿ ಚಹಾ ಕುಡೀರಿ" ಎನ್ನುವಷ್ಟು ಸಮಯ ಇರುತ್ತಿತ್ತು. ಈಗ ತಾವಿದ್ದೀರಿ. ಚಾಂದಸಾಬರು ನಮಾಜಿಗೆ ಹೋದ ಹೊತ್ತಿನಲ್ಲಿ ಆ ವರದಿಗಾರ ತಮ್ಮ ಮುಂದೆಯೇ ಬಂದು ಕುಳಿತ. ಮಧ್ಯಾಹ್ನ ನನ್ನ ಮೊಮ್ಮಗನ ಒಪ್ಪಿಗೆಯನ್ನು ಇಳಿಸಿಕೊಂಡ ತಾವೇ, ಸಂಜೆ ನನ್ನ ಸಾವನ್ನು ಮೇಲಕ್ಕೇರಿಸಿದಿರಿ. ಒಂದೇ ಬಾಯಿ, ಒಂದೇ ದಿನ, ಒಂದಿಷ್ಟು ಕೆಮ್ಮೂ ಇಲ್ಲ. ಇ-ಮೇಲ್‌ನಲ್ಲಿ ಬಂದದ್ದು ಸುಳ್ಳಿರಲಾರದೆಂದು ಕಚೇರಿಯವರು ಸೈಕಲ್ಲನ್ನು ಮೂಲೆಗೆ ನಿಲ್ಲಿಸಿದರು.

ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಪತ್ರಿಕೆ ಬಿಚ್ಚಿದರೆ ಐದನೇ ಪುಟದಲ್ಲಿ ನಾನಿಲ್ಲ. ಅಂದರೆ ನಾನು ಇನ್ನಿಲ್ಲವೆಂದು ಇತ್ತು. 'ಮಿತಭಾಷಿ, ಗಂಭೀರ ಸ್ವಭಾವದವರು' ಎಂದು ಓದಿದಾಗ ಸತ್ತವನು ಬೇರೆ ಯಾರೋ ಇರಬೇಕೆಂದು ಸಮಾಧಾನವಾಯಿತು. ಅಷ್ಟರಲ್ಲಿ ಬೀಡಿಯಿಂದ ಟೆಂಪೊ ಬಂತು. ಹೂಮಾಲೆ ಹಿಡಿದು ಮೊದಲು ಇಳಿದ ರೇಣವ್ವ, ಎದೆ ಬಡಿದುಕೊಳ್ಳಲು ಎತ್ತಿದ ಕೈಯನ್ನು ಅಲ್ಲೇ ನಿಲ್ಲಿಸಿ, "ನಾಗ್ಯಾ, ಬಾರೋ ಇಲ್ಲಿ! ಸತ್ತಾಂವ ಅವಲಕ್ಕಿ ತಿನ್ನಾಕತ್ತಾನ!" ಎಂದಳು. ನಾನು ನನ್ನ ಸ್ವಭಾವಕ್ಕೆ ತಕ್ಕಂತೆ, "ಬರ್ರಿ ರೇಣವ್ವಾರ, ಕುಂದರ್ರಿ. ಮಾಲಿ ತಂದೀರಿ, ಹಾಕೇ ಬಿಡ್ರಿ, ಬಾಡಿ ಹೋದೀತು" ಎಂದುಬಿಟ್ಟೆ. ಮಾನ್ಯರೇ, ಆ ಒಂದು ಮಾತು ನನ್ನ ಕೊರಳಿಗೆ ಬಿತ್ತು.

ಏಕೆಂದರೆ ನನ್ನ ಚರಿತ್ರೆ ಚೆನ್ನಾಗಿಲ್ಲ. ಮೂವತ್ತಮೂರು ವರ್ಷದ ಹಿಂದೆ ಮೀಸೆ ಬೋಳಿಸಿದ ದಿನ ನಾನು ಬಂಧುಬಳಗಕ್ಕೆಲ್ಲ ಮೂಲೆ ಹರಿದ ಕಾರ್ಡು ಬರೆದು, 'ನಮ್ಮ ಮೀಸೆ ಇಂದು ಮುಂಜಾನೆ ತೀರಿಕೊಂಡಿತು, ದುಃಖವಾಗಿದೆ' ಎಂದು ತಿಳಿಸಿದ್ದೆ. ಹನ್ನೆರಡು ಮನೆಯವರು ಓದುವ ಮೊದಲೇ ತಲೆಗೆ ನೀರು ಹಾಕಿಕೊಂಡಿದ್ದರು. ಆ ಕಥೆ ಬೀಡಿಯವರೆಗೂ ಹೋಗಿದೆ. ರೇಣವ್ವ ಮಾಲೆಯನ್ನು ನನ್ನ ಅವಲಕ್ಕಿ ತಾಟಿನ ಮೇಲೆಯೇ ಇಟ್ಟು ತೀರ್ಪು ಕೊಟ್ಟಳು: "ಲಗ್ನದ ಕಾಗದದಾಗ ಚ್ಯಾಷ್ಟಿ ಮಾಡೂ ಮನಿಗೆ ನಮ್ಮ ಹುಡುಗೀನ ಕೊಡೂದಿಲ್ಲ. ಮಾಡಿದ್ದು ತಪ್ಪಾತು ಅಂತ ಬೀಡಿಗೆ ಬಂದು ನಾಕ ಮಂದಿ ಮುಂದ ಕೈ ಮುಗೀರಿ, ಆಮ್ಯಾಲೆ ನೋಡೂಣು. ಎಂಟು ದಿನ ನೋಡ್ತೇನಿ. ಕಿತ್ತೂರ ಕಡಿಂದನೂ ವರ ಬಂದಾವ."

ಎಪ್ಪತ್ತೊಂದು ವರ್ಷದಲ್ಲಿ ಮಾಡಿದ ನೂರು ಕೀಟಲೆಗಳಲ್ಲಿ ಒಂದಕ್ಕೂ ನಾನು ಕ್ಷಮೆ ಕೇಳಿದವನಲ್ಲ. ಮಾಡದ ಒಂದಕ್ಕೆ ಕೇಳಲೇ? ಸಾಕ್ಷಿ ತರುತ್ತೇನೆಂದು ಮರುದಿನವೇ ತಮ್ಮ ದರ್ಶನಕ್ಕೆ ಖಾನಾಪುರಕ್ಕೆ ಬಂದೆ. ಚಾಂದಸಾಬರು ತಮ್ಮ ಹೊಟ್ಟೆಯನ್ನೆಲ್ಲ ಹುಡುಕಿ ಕೈ ಚೆಲ್ಲಿದರು: "ಕ್ಯಾ ಕರನಾ ಅಜ್ಜಾರ, ಮೇಲ್ ಡಬ್ಬಿ ತುಂಬಿತ್ತು, ಹಳೇವು ಎಲ್ಲಾ ಅಳಿಸಿಬಿಟ್ಟೇನ್ರಿ." ಬೀಡಿಯ ಹೆಂಗಸರನ್ನು ಅಳಿಸಿದ್ದು ಸಾಲದೆಂದು ತಾವು ನನ್ನ ಸಾಕ್ಷಿಯನ್ನೂ ಅಳಿಸಿದ್ದಿರಿ. ಪುಣೆಯಿಂದ ಸುಜಯ ಮತ್ತೊಮ್ಮೆ ಅದೇ ಒಪ್ಪಿಗೆ ಕಳಿಸಿದ. ರೇಣವ್ವ "ಸಿಕ್ಕಬಿದ್ದ ಮ್ಯಾಲೆ ಬರದದ್ದು" ಎಂದಳು. ಕರೆಪ್ಪ, "ನಾ ತಂದ ಕಾಗದದ ಮೂಲಿ ಹರದಿತ್ತು, ಅಷ್ಟ ಗೊತ್ತರಿ" ಎಂದ. ಚಾಂದಸಾಬರು ಆ ಮೂಲೆ ತಮ್ಮ ಕೈಯಿಂದಲೇ ಹರಿದಿರಬಹುದೆಂದು ಹೇಳಲು ಬೀಡಿಯವರೆಗೂ ಬಂದರು. ಅದಕ್ಕೆ ರೇಣವ್ವ, "ನಿಮ್ಮಂಥಾ ಸಾದಾ ಮನಷ್ಯಾರನೂ ಆ ಮುದಕ ಕಲಿಸಿ ಕಳಿಸ್ಯಾನಲ್ಲರಿ!" ಎಂದು ಮರುಗಿ ಅವರಿಗೆ ಚಹಾ ಕೊಟ್ಟಳು. ನನಗೆ ಕೊಡಲಿಲ್ಲ.

ಆದ್ದರಿಂದ ಆಗ ನಾನು ತಮ್ಮಲ್ಲಿ ಮಾಡಬೇಕೆಂದಿದ್ದ ಬಿನ್ನಹಗಳು ಇವು. ತಾವು ಬೀಡಿ ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟಿನಲ್ಲಿ ಕೂತು, ರೇಣವ್ವನ ಅಂಗಳಕ್ಕೆ ಬಂದು, ನಾಲ್ಕು ಮಂದಿಯ ಮುಂದೆ "ಇದರಲ್ಲಿ ಮುದುಕನದೇನೂ ಇಲ್ಲ" ಎಂದು ಹೇಳಬೇಕಿತ್ತು. ಬರಲಾಗದಿದ್ದರೆ ಎಡಗೈ ಹೆಬ್ಬೆಟ್ಟಿನ ಗುರುತು ಒತ್ತಿದ ಒಂದು ಚೀಟಿಯನ್ನಾದರೂ ಕಳಿಸಬೇಕಿತ್ತು. ಕೈಯೇ ಇಲ್ಲವೆಂದರೆ ಇಲಿಯೆಂದು ಕರೆಸಿಕೊಳ್ಳುವ ಆ ಬಾಲದ ಪ್ರಾಣಿಯ ಹೆಬ್ಬೆಟ್ಟಾದರೂ ನಡೆಯುತ್ತಿತ್ತು. ಮುಂದಕ್ಕಾದರೂ ತಮ್ಮ ಪರದೆಗೆ ನಾಲ್ಕು ಮೂಲೆಗಳಿರುವುದರಿಂದ, ಶುಭ ಸುದ್ದಿ ಬಂದಾಗ ಅರಿಷಿಣ ತಾನಾಗಿಯೇ ಒಸರುವಂತೆ ಏರ್ಪಾಡು ಮಾಡಿಕೊಳ್ಳಬೇಕು. ಸಾವಿನ ಸುದ್ದಿ ಬಂದಾಗ ತಾವೇ ತಲೆಗೆ ಒಂದು ತಂಬಿಗೆ ನೀರು ಹಾಕಿಕೊಳ್ಳಬೇಕು. ಆಮೇಲೆ ತಾವು ಮತ್ತೆ ಮಾತಾಡದಿದ್ದರೂ ನನ್ನ ಅಭ್ಯಂತರವಿಲ್ಲ.

ಆರನೇ ದಿನ, ಕೊನೆಯದಾಗಿ ನನ್ನ ನಿರಪರಾಧಿತ್ವವನ್ನು ವಾದಿಸಲು ಬೀಡಿಗೆ ಹೋದೆ. ರೇಣವ್ವ ಹೊಲಕ್ಕೆ ಹೋಗಿದ್ದಳು. ಬಾಗಿಲಲ್ಲಿ ಪೂನಮ ನಿಂತಿದ್ದಳು. ಹುಡುಗಿಯ ಮುಖ ಬಾಡಿತ್ತು. ಅವಳು ಮೆಲ್ಲಗೆ, "ಅಜ್ಜಾರ, ಖರೇ ಹೇಳ್ರಿ, ನೀವು ಮಾಡಿದ್ದಲ್ಲಲಾ?" ಎಂದು ಕೇಳಿದಳು. ನಾನು, "ಅಲ್ಲವ್ವಾ. ನನ್ನ ಮೊಮ್ಮಗನ ಆಣಿ" ಎಂದೆ. ಅವಳು ತಲೆಯಾಡಿಸಿ, "ನಾ ನಂಬತೇನ್ರಿ. ಆದರ ನಾ ನಂಬಿದರ ಏನ್ ಆಗತೈತ್ರಿ? ನಮ್ಮಜ್ಜಿ ಮನಷ್ಯಾರ್ನ ಕ್ಷಮಾ ಮಾಡ್ತಾಳ, ಮಷೀನ್ ಮ್ಯಾಲಿನ ಮಾತು ಅಕೀಗೆ ತಿಳಿಯೂದಿಲ್ಲರಿ" ಎಂದಳು.

ಸಂಜೆ ರೇಣವ್ವ ಬರುವವರೆಗೆ ಕಟ್ಟೆಯ ಮೇಲೆ ಕೂತೆ. ಓಣಿಯ ನಾಲ್ಕು ಮಂದಿಯನ್ನು ನಾನೇ ಕರೆಸಿದೆ. ಎದ್ದು ನಿಂತು, ಕೈ ಮುಗಿದು, "ಹೌದ್ರಿ, ನಾನ ಮಾಡಿಸೇನಿ. ಸುಜಯನ ಕಾಗದದ ಮೂಲಿ ನಾನ ಹರಿಸೇನಿ. ತಪ್ಪಾತು, ಹೊಟ್ಯಾಗ ಹಾಕ್ಕೋರಿ" ಎಂದೆ. ಹೇಗೆ ಮಾಡಿಸಿದೆ, ಯಾರಿಗೆ ಹೇಳಿ ಕಳಿಸಿದೆ ಎಂಬುದನ್ನೆಲ್ಲ ಅಲ್ಲೇ ನಿಂತಲ್ಲೇ ಹುಟ್ಟಿಸಿ ಹೇಳಿದೆ. ರೇಣವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು, "ಗೊತ್ತಿತ್ತು ನನಗ! ಒಳಗ ಬರ್ರಿ, ಬೀಗರ" ಎಂದಳು. ಪೂನಮ ಚಹಾ ತಂದು ಕೊಡುವಾಗ ಬಗ್ಗಿ ನನಗೊಬ್ಬನಿಗೇ ಕೇಳುವಂತೆ, "ಅಜ್ಜಾರ, ನನ್ನ ಸಲುವಾಗಿ ಇಷ್ಟ ಚಂದ ಸುಳ್ಳ ಯಾರೂ ಹೇಳಿರಲಿಲ್ಲರಿ" ಎಂದಳು. ಮಾನ್ಯರೇ, ಚಹಾ ಬಿಸಿ ಇತ್ತು. ಕಣ್ಣಲ್ಲಿ ನೀರು ಬಂದದ್ದಕ್ಕೆ ನಾನು ಅದನ್ನೇ ಕಾರಣ ಹೇಳಿದೆ.

ಹೋದ ಗುರುವಾರ ಬೀಡಿಯಲ್ಲಿ ಸುಜಯ, ಪೂನಮರ ತಲೆಯ ಮೇಲೆ ಲಗ್ನದ ಅಕ್ಕಿಕಾಳು ಬಿದ್ದವು. ಅದಾದ ಮೇಲೆಯೇ ಈ ಪತ್ರ ಪ್ರಕಟಿಸಬೇಕೆಂದು ಬೇರೊಂದು ಪತ್ರಿಕೆಯ ಸಂಪಾದಕರಿಗೆ ಕೈ ಮುಗಿದಿದ್ದೆ. ಕೈ ಮುಗಿಯುವುದು ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ, ನೋಡಿರಿ. ತಾವು ಮಾಡಿದ್ದನ್ನು ನಾನು ಹೊತ್ತೆ. ಇನ್ನು ಮುಂದೆ ನಾನು ಮಾಡುವುದನ್ನೆಲ್ಲ ತಾವು ಹೊರಬೇಕಾಗಿ ವಿನಂತಿ. ಪಟ್ಟಿ ದೊಡ್ಡದಿದೆ.

ತಮ್ಮ ವಿಶ್ವಾಸಿ, ತಮ್ಮ ಮೇಲೆ ಮಾತ್ರ ವಿಶ್ವಾಸವಿಲ್ಲದ,
ಗುರುಪುತ್ರಪ್ಪ
ಅನಗೋಳ, ಬೆಳಗಾವಿ

ತಾ.ಕ.: ನನ್ನ ನಿಧನದ ಸುದ್ದಿಗೆ ಸ್ಪಷ್ಟನೆ ಹಾಕಿರೆಂದು ಪತ್ರಿಕಾ ಕಚೇರಿಗೆ ನಡೆದುಕೊಂಡೇ ಹೋಗಿದ್ದೆ. ಮೇಜಿನ ಆಚೆ ಕೂತವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸ್ಪಷ್ಟನೆ ಈಗ ಇ-ಮೇಲ್‌ನಾಗ ಬರಬೇಕ್ರಿ, ಹಿಂಗ ನೀವು ಖುದ್ದ ಬಂದರ ನಡಿಯೂದಿಲ್ಲ" ಎಂದರು. ನಾನು ಕಳಿಸುವುದಿಲ್ಲ. ಹಾಗಾಗಿ ದಾಖಲೆಯ ಪ್ರಕಾರ ಈ ಪತ್ರ ಬರೆದವನು ಸತ್ತಿದ್ದಾನೆ. ಉತ್ತರಕ್ಕೆ ತಾವು ಅವಸರ ಮಾಡಬೇಕಿಲ್ಲ. ನನಗೆ ಬೇಕಾದಷ್ಟು ಸಮಯವಿದೆ.