ಮುಚ್ಚಳ ಬಕೆಟ್ಟಿನೊಳಗೆ ಬಿದ್ದ ಮೇಲೆ

ಐನೂರು ಬಕೆಟ್ಟುಗಳಿಗೆ ಐನೂರು ಮುಚ್ಚಳಗಳು ಸಿದ್ಧವಾಗಿದ್ದವು. ಎಣಿಕೆ ಸರಿಯಿತ್ತು, ಬಣ್ಣವೂ ಸರಿಯಿತ್ತು. ಮುಚ್ಚಲು ಹೋದಾಗ ಮಾತ್ರ ಪ್ರತಿಯೊಂದು ಮುಚ್ಚಳವೂ ಜಾರಿ ಒಳಗೆ ಬಿದ್ದು, ಗಂಟಲಲ್ಲಿ ಸಿಕ್ಕಿಕೊಂಡ ತುತ್ತಿನಂತೆ ನಡುವೆ ನಿಂತುಬಿಡುತ್ತಿತ್ತು. ಕಾರಣ ಬಲು ಸರಳ. ಕಂಪ್ಯೂಟರಿನಲ್ಲಿ ‘ಫೈನಲ್’, ‘ಹೊಸ ಫೈನಲ್’, ‘ನಿಜವಾದ ಫೈನಲ್’ ಎಂಬ ಮೂರು ವಿನ್ಯಾಸಗಳಿದ್ದವು. ಅಚ್ಚಿನ ವಿಭಾಗಕ್ಕೆ ಹೋದದ್ದು ಮೊದಲನೆಯದು, ಹಳೆಯ ಸಣ್ಣ ಅಳತೆಯದು. ಕಳುಹಿಸಿದವನು ಕಾರ್ಖಾನೆಯ ಯಜಮಾನರ ಅಳಿಯ. ಆದ್ದರಿಂದ ತಪ್ಪು ಯಾವ ವ್ಯಕ್ತಿಯದೂ ಅಲ್ಲ, ಪದ್ಧತಿಯದು ಎಂದು ಬೆಳಗಿನ ಸಭೆಯಲ್ಲಿ ಸರ್ವಾನುಮತದಿಂದ ತೀರ್ಮಾನವಾಯಿತು.

ಪದ್ಧತಿಯನ್ನು ಸರಿಪಡಿಸಲು ಯಜಮಾನರ ಬೆರಳು ವಿನ್ಯಾಸ ವಿಭಾಗದ ಮೂಲೆಯತ್ತ ತಿರುಗಿತು. ಅಲ್ಲಿ ಕುಳಿತವನನ್ನು ಕಾರ್ಖಾನೆಯೆಲ್ಲ ‘ಮಿಲಿಮೀಟರ್’ ಎಂದು ಕರೆಯುತ್ತಿತ್ತು. ಪೆನ್ಸಿಲುಗಳನ್ನು ಉದ್ದದ ಕ್ರಮದಲ್ಲಿ ಜೋಡಿಸಿಡುವವನಿಗೆ ಬೇರೆ ಹೆಸರು ಹೇಗೆ ತಾನೇ ಅಂಟೀತು?

“ನೋಡಪ್ಪಾ, ಇನ್ಮೇಲೆ ಕಂಪ್ಯೂಟರ್‌ನಲ್ಲಿ ಏನೇ ಡಿಸೈನ್ ಮಾಡಿದ್ರೂ ಒಂದು ಚೆಕ್‌ಲಿಸ್ಟ್ ಪ್ರಕಾರವೇ ಆಗ್ಬೇಕು. ಐದು ಗಂಟೆಗೆ ಎಲ್ಲರ ಸಹಿ ಹಾಕ್ಸಿ ನನ್ನ ಮೇಜಿನ ಮೇಲಿಡು.”

“ಸರ್, ನನ್ನ ರಜೆ...”

“ಪಟ್ಟಿ ಇಡು, ರಜೆ ಚೀಟಿ ತಗೊಂಡು ಹೋಗು. ನಾನೇನು ರಾಕ್ಷಸನಾ?”

ಆ ಪ್ರಶ್ನೆಗೆ ಉತ್ತರಿಸುವುದು ಕ್ಷೇಮವಲ್ಲವೆಂದು ಮಿಲಿಮೀಟರ್ ಪೆನ್ಸಿಲು ಕೈಗೆತ್ತಿಕೊಂಡನು. ಮದುವೆಯಾಗಿ ಎರಡು ವರ್ಷ. ಹೆಂಡತಿಗೆ ಸಮುದ್ರ ತೋರಿಸುವುದಾಗಿ ಮಾತು ಕೊಟ್ಟು ಅಷ್ಟೇ ವರ್ಷ. ರಜೆ ಮೂರು ಸಲ ರದ್ದಾಗಿತ್ತು. ಈ ಸಲ ಸಂಜೆ ಆರೂವರೆಯ ಬಸ್ಸಿಗೆ ಎರಡು ಸೀಟುಗಳಿದ್ದವು. ಪ್ರಯಾಣಕ್ಕೆಂದೇ ಇಪ್ಪತ್ತೆರಡು ಅಂಶಗಳ ಪಟ್ಟಿಯೊಂದನ್ನು ರಚಿಸಿ, ಹೊರಡುವಾಗ ಕಣ್ತಪ್ಪದಿರಲೆಂದು ಅದನ್ನು ಮನೆಬಾಗಿಲಿನ ಹೊರಮೈಗೇ ಅಂಟಿಸಿ, ತನ್ನ ಬೀಗದ ಕೈಯನ್ನೂ ಹೆಂಡತಿಗೆ ಒಪ್ಪಿಸಿ, ನೇರವಾಗಿ ಬಸ್ ನಿಲ್ದಾಣಕ್ಕೇ ಬರುವೆನೆಂದು ಹೇಳಿ ಬಂದಿದ್ದನು.

ಹತ್ತೂವರೆಯ ಹೊತ್ತಿಗೆ ಒಂಬತ್ತು ಅಂಶಗಳ ಸುಂದರ ಪಟ್ಟಿ ಸಿದ್ಧವಾಯಿತು. ಕಡತಕ್ಕೆ ಒಂದೇ ಹೆಸರು, ಅಳತೆಗೆ ಒಂದೇ ಮಾನ, ಬಿಡಿಭಾಗಗಳ ಹೊಂದಾಣಿಕೆ, ಹೀಗೆ. ಅದು ಅಷ್ಟಕ್ಕೇ ನಿಂತಿದ್ದರೆ ಲೋಕಕ್ಕೆ ಕಲ್ಯಾಣವಾಗುತ್ತಿತ್ತು. ಆದರೆ ಸಹಿ ಬೇಕಾಗಿತ್ತಲ್ಲ!

ಮಾರಾಟ ವಿಭಾಗದ ಮೇಡಂ ಪಟ್ಟಿಯನ್ನು ತರಕಾರಿ ಆರಿಸುವಂತೆ ತಿರುಗಿಸಿ ನೋಡಿದರು. “ಇದರಲ್ಲಿ ಬಣ್ಣದ ಸುದ್ದಿನೇ ಇಲ್ವಲ್ರೀ? ಜನ ಅಳತೆ ನೋಡಿ ತಗೋತಾರಾ?” ಬಣ್ಣದ ಬಗ್ಗೆ ಹನ್ನೊಂದು ಅಂಶಗಳು ಸೇರಿದವು. ಉಗ್ರಾಣದವರು ಕನ್ನಡಕ ಹಣೆಗೇರಿಸಿ, “ಪೇರಿಸಿಟ್ರೆ ಎಷ್ಟು ಎತ್ತರ ಬರುತ್ತೆ ಅಂತ ಯಾರು ಬರೀತಾರೆ, ನಿಮ್ಮ ತಾತನಾ?” ಎಂದರು. ಏಳು ಅಂಶಗಳು ಸೇರಿದವು. ಯಜಮಾನರ ಅಳಿಯ ತನ್ನ ಆಳವಾದ ಅನುಭವದ ಬಲದಿಂದ, ‘ಕಡತ ಕಳುಹಿಸುವಾಗ ಜಾಗರೂಕರಾಗಿರತಕ್ಕದ್ದು’ ಎಂಬುದನ್ನು ಐದು ಬಗೆಯಲ್ಲಿ ಬರೆಸಿದನು.

ಕಡೆಗೆ ಅಚ್ಚಿನ ಮೇಸ್ತ್ರಿ. ಮೂವತ್ತು ವರ್ಷ ಲೋಹ ತೇಯ್ದ ಮನುಷ್ಯ.

“ನಂದು ಒಂದೇ ಮಾತು ಬರ್ಕೊ ಮಗಾ. ಮಾಡಿದ್ದನ್ನ ಕೈಯಲ್ಲಿ ಹಿಡ್ದು ಒಂದ್ಸಲ ಕೂರ್ಸಿ ನೋಡು.”

“ಮೇಸ್ತ್ರೀ, ಅದನ್ನೆಲ್ಲ ಕಂಪ್ಯೂಟರೇ ಕೂರಿಸಿ ತೋರಿಸುತ್ತೆ.”

“ಆ ಮುಚ್ಚಳಾನೂ ಅದೇ ತೋರ್ಸಿತ್ತು ಬಿಡು.”

ಮಿಲಿಮೀಟರ್ ಗೌರವಪೂರ್ವಕವಾಗಿ ಆ ಮಾತನ್ನು ಬರೆದುಕೊಂಡನು. ಜೊತೆಗೆ ತನ್ನ ಪಾಲಿನ ಎಂಟು ಅಂಶಗಳನ್ನೂ ಸೇರಿಸಿದನು. ಊಟದ ಹೊತ್ತಿಗೆ ಪಟ್ಟಿ ನಲವತ್ತೊಂದಕ್ಕೆ ಏರಿತ್ತು. ಒಂದು ಹಾಳೆಯಲ್ಲಿ ಹಿಡಿಸುತ್ತಿದ್ದದ್ದು ನಲವತ್ತು. ಯಾವುದನ್ನು ಬಿಡುವುದು? ಮೇಡಂ ಅವರ ಬಣ್ಣವನ್ನು ಮುಟ್ಟುವಂತಿಲ್ಲ, ಅಳಿಯನ ಜಾಗರೂಕತೆಯ ಬಗ್ಗೆಯಂತೂ ಉಸಿರೆತ್ತುವಂತಿಲ್ಲ. ಮೇಸ್ತ್ರಿಗೆ ಬೇಸರವಾದರೂ ತೋರಿಸಿಕೊಳ್ಳುವವನಲ್ಲ. ಮೇಸ್ತ್ರಿಯ ಸಾಲು ಹೋಯಿತು.

ನಾಲ್ಕು ಗಂಟೆಗೆ ಐದೂ ಸಹಿಗಳು ಬಿದ್ದವು. ಯಜಮಾನರು ಪಟ್ಟಿಯನ್ನು ಪ್ರೀತಿಯಿಂದ ಸವರಿದರು. “ಭೇಷ್! ಆದ್ರೆ ಇದು ಕೆಲಸ ಮಾಡುತ್ತಾ ಅಂತ ಗೊತ್ತಾಗೋದು ಹೇಗೆ? ಇದನ್ನ ಗೋಡೆಗೆ ಹಾಕೋಕೆ ಒಂದು ಚೌಕಟ್ಟು ಬೇಕು. ಈ ಪಟ್ಟಿ ಪ್ರಕಾರವೇ ಡಿಸೈನ್ ಮಾಡಿ ತಾ. ಎರಡೂ ಒಟ್ಟಿಗೆ ಪಾಸ್ ಆಗ್ಲಿ.”

ಅಷ್ಟರಲ್ಲಿ ಫೋನು ಅಲುಗಿತು. “ರೀ, ಹೊರಟ್ರಾ?”

“ಇನ್ನೊಂದೇ ಒಂದು ಚೌಕಟ್ಟು ಕಣೇ.”

“ಹೋದ್ಸಲ ‘ಒಂದೇ ಒಂದು ಡ್ರಾಯಿಂಗ್’ ಅಂದಿದ್ರಿ. ನೋಡಿ, ಈ ಸಲ ನಾನಂತೂ ಸಮುದ್ರ ನೋಡೇ ನೋಡ್ತೀನಿ.”

ಮಿಲಿಮೀಟರನ ಬೆರಳುಗಳು ಕಂಪ್ಯೂಟರಿನ ಮೇಲೆ ಇಲಿಮರಿಗಳಂತೆ ಓಡಿದವು. ಹಾಳೆಯ ಅಗಲ ಇನ್ನೂರ ಹತ್ತು ಮಿಲಿಮೀಟರ್, ಎತ್ತರ ಇನ್ನೂರ ತೊಂಬತ್ತೇಳು. ಚೌಕಟ್ಟಿನ ಒಳಅಳತೆ ಅದಕ್ಕಿಂತ ಒಂದೊಂದು ಮಿಲಿಮೀಟರ್ ಹೆಚ್ಚು. ನಲವತ್ತು ಅಂಶಗಳಿಗೂ ಗುರುತು ಬಿದ್ದಿತು, ಐದು ಸಹಿಗಳು ಮತ್ತೆ ಬಿದ್ದವು. ಕತ್ತರಿಸುವ ಯಂತ್ರವು ಹತ್ತೇ ನಿಮಿಷಗಳಲ್ಲಿ ಚೌಕಟ್ಟನ್ನು ಉಗುಳಿತು. ಐದರ ಗಂಟೆ ಬಾರಿಸಿತು. ಸಹಿ ಹಾಕಿದವರು ಬಾಣಲೆಯಿಂದ ಸಿಡಿದ ಸಾಸಿವೆಯಂತೆ ಮನೆಗಳತ್ತ ಚದುರಿದರು.

ಯಜಮಾನರ ಕೋಣೆಯಲ್ಲಿ ಉಳಿದವರು ಮೂವರು. ಯಜಮಾನರು, ಮಿಲಿಮೀಟರ್, ಮತ್ತು ಮೊಳೆ ಹೊಡೆಯಲು ಬಂದ ಮೇಸ್ತ್ರಿ. ಪಟ್ಟಿಯನ್ನು ಚೌಕಟ್ಟಿನೊಳಗೆ ಕೂರಿಸಲು ಹೋದರೆ ಅದು ಕೂರಲಿಲ್ಲ. ಓರೆ ಮಾಡಿದರು, ಒತ್ತಿದರು, ಯಜಮಾನರು ಮೊಣಕೈಯನ್ನೂ ಊರಿದರು. ಕೂರಲಿಲ್ಲ.

ಮೂವತ್ತೆಂಟನೆಯ ಅಂಶ, ‘ಪಟ್ಟಿಯು ಕೊಳೆಯಾಗದಂತೆ ಲ್ಯಾಮಿನೇಷನ್ ಮಾಡಿಸತಕ್ಕದ್ದು.’ ಮಾಡಿಸಿದ್ದರು. ಲ್ಯಾಮಿನೇಷನ್ನಿನ ಹಾಳೆ ನಾಲ್ಕೂ ಕಡೆ ಮೂರು ಮಿಲಿಮೀಟರ್ ಹೊರಚಾಚಿತ್ತು. ಆ ಅಂಶವನ್ನು ಬರೆದವನು ಮಿಲಿಮೀಟರನೇ.

ಮೇಸ್ತ್ರಿ ಜೇಬಿನಿಂದ ಕತ್ತರಿ ತೆಗೆದು, ಹೊರಚಾಚಿದ ಅಂಚುಗಳನ್ನು ಒಂದು ಮಿಲಿಮೀಟರೂ ಉಳಿಸದೆ ಸವರಿ ಎಸೆದನು. ಪಟ್ಟಿ ತೊಟ್ಟಿಲಿನ ಮಗುವಿನಂತೆ ಮಲಗಿತು.

“ಆಹಾ! ಸರಿಹೋಯ್ತಲ್ಲ ಸರ್. ಹಾಗಾದ್ರೆ ರಜೆ ಚೀಟಿ...”

“ತಾಳು ತಾಳು.” ಯಜಮಾನರ ಬೆರಳು ಪಟ್ಟಿಯ ಮೇಲೆ ಇಳಿಯಿತು. “ಇಪ್ಪತ್ತೊಂಬತ್ತು ಏನು ಹೇಳುತ್ತೆ? ‘ಸಹಿಯಾದ ಬಳಿಕ ಕೂದಲೆಳೆಯಷ್ಟು ಬದಲಾವಣೆಯಾದರೂ ಎಲ್ಲರ ಸಹಿಗಳನ್ನು ಹೊಸದಾಗಿ ಪಡೆಯತಕ್ಕದ್ದು.’ ಎಂಥಾ ಮಾತು ಕಣಯ್ಯಾ! ಯಾರು ಬರೆದಿದ್ದು?”

“...ನಾನೇ ಸರ್.”

“ಅದಕ್ಕೇ ನಿನ್ನ ಕಂಡ್ರೆ ನಂಗಿಷ್ಟ. ಮೇಸ್ತ್ರಿ ಸಹಿ ಈಗ್ಲೇ ಹಾಕ್ತಾನೆ. ಮಿಕ್ಕವರದು ನಾಳೆ ಬೆಳಗ್ಗೆ ಹಾಕ್ಸು. ರಜೆ ಆಮೇಲೆ ನೋಡೋಣ.”

ಆರೂ ಕಾಲಿಗೆ ಮಿಲಿಮೀಟರ್ ಹೆಂಡತಿಗೆ ಫೋನು ಮಾಡಿದನು. ಬಯ್ಗುಳಕ್ಕೆ ಸಿದ್ಧನಾಗಿದ್ದವನಿಗೆ ಕೇಳಿಸಿದ್ದು ನಗು.

“ಗೊತ್ತಿತ್ತು ಬಿಡಿ. ನಿಮ್ಮ ಪಟ್ಟಿ ಕೆಳಗೆ ಇಪ್ಪತ್ಮೂರನೇದು ನಾನೇ ಸೇರಿಸ್ಕೊಂಡಿದ್ದೆ: ‘ಗಂಡ ಬರದಿದ್ದರೆ ಅತ್ತೆ.’ ನಿಮ್ಮಮ್ಮ ಆಗ್ಲೇ ಬಸ್ಸಲ್ಲಿ ಕಿಟಕಿ ಪಕ್ಕ ಕೂತಾಗಿದೆ. ಅಡುಗೆ ಮಾಡಿಟ್ಟಿದೀವಿ, ಬಿಸಿ ಮಾಡ್ಕೊಂಡು ಉಣ್ಣಿ.”

ಊಟವಾದರೂ ಉಂಟಲ್ಲ ಎಂಬ ಸಮಾಧಾನದಿಂದ ಆತನು ಮನೆಯ ಮೆಟ್ಟಿಲೇರಿದನು. ಬಾಗಿಲಿಗೆ ಬೀಗ. ಬೀಗದ ಮೇಲೆ ತನ್ನದೇ ಕೈಬರಹದ ಪಟ್ಟಿ. ಅಭ್ಯಾಸಬಲದಿಂದ ಮೊದಲಿನಿಂದ ಓದತೊಡಗಿದನು. ಗ್ಯಾಸ್ ಬಂದ್, ಗುರುತು. ನಲ್ಲಿ ಬಂದ್, ಗುರುತು. ಒಂದೂ ತಪ್ಪಿರಲಿಲ್ಲ. ಇಪ್ಪತ್ತೆರಡನೆಯದಕ್ಕೆ ಬಂದಾಗ ಆತನ ಕೈ ತಾನಾಗಿಯೇ ಖಾಲಿ ಜೇಬಿಗೆ ಹೋಯಿತು.

‘ಮನೆಯ ಎಲ್ಲ ಬೀಗದ ಕೈಗಳನ್ನೂ ಒಂದನ್ನೂ ಬಿಡದೆ ಸೂಟ್‌ಕೇಸಿನಲ್ಲಿ ಭದ್ರವಾಗಿ ಇಟ್ಟುಕೊಳ್ಳತಕ್ಕದ್ದು.’

ಅದರ ಮುಂದೆ ಕೆಂಪು ಶಾಯಿಯ ದಪ್ಪ ಗುರುತಿತ್ತು. ಕೆಳಗೆ ಎರಡು ಸಹಿಗಳಿದ್ದವು. ಮಾಡಿದವರು: ಸೊಸೆ. ಪರಿಶೀಲಿಸಿದವರು: ಅತ್ತೆ.